ಗುಂಗನ ಶ್ರುತಿ

ಜೂನ್ ೪

ಅಕ್ಕಾ,

ಅಂಗಡಿ ಸುಟ್ಟು ಬೂದಿಯಾಯಿತು. ಲಕೋಟೆಯ ಮೂಲೆ ಕರಕಲಾಗಿರುವುದನ್ನು ನೋಡಿಯೇ ಇರುತ್ತೀರಿ. ರಿಪೇರಿಗೆ ಬಂದ ಆಂಪ್ಲಿಫೈಯರುಗಳು, ಯಾರೂ ವಾಪಸ್ ಒಯ್ಯದ ರೇಡಿಯೋಗಳು, ನಾನು ಕೂತೂ ಕೂತೂ ಗುಂಡಿ ಬೀಳಿಸಿದ ಸ್ಟೂಲು, ಎಲ್ಲಾ ಹೋಯಿತು. ಉಳಿದದ್ದು ನಾನು ಮತ್ತು ಈ ಪೆನ್ನು.

ಸುಳ್ಳು. ಬೆಂಕಿಕಡ್ಡಿ ಗೀರಿ ಲಕೋಟೆಯ ಮೂಲೆಗೆ ಮುಟ್ಟಿಸಿದೆ, ಅಷ್ಟೇ ಆದ ಅನಾಹುತ. ಬೆರಳು ಚುರ್ ಅಂದದ್ದು ಮಾತ್ರ ನಿಜ. ಏನು ಮಾಡಲಿ? "ನಾನು ಕ್ಷೇಮ" ಅಂತ ಬರೆದ ಕಾಗದಗಳನ್ನು ನೀವು ಒಡೆಯುವುದೇ ಇಲ್ಲ. ಕ್ಷೇಮವಾಗಿರುವವನ ಕಾಗದ ಯಾರಿಗೆ ಬೇಕು ಹೇಳಿ. ಸುಟ್ಟವನ ಕಾಗದವಾದರೆ ಶತ್ರುವೂ ಒಡೆದು ನೋಡುತ್ತಾನೆ. ಈಗ ಒಡೆದದ್ದಾಯಿತಲ್ಲ, ಬೈದುಕೊಂಡೇ ಪೂರ್ತಿ ಓದಿ.

ಫೋನು ಮಾಡಬಹುದಿತ್ತು. ಆದರೆ ಆವತ್ತು ಬಾಗಿಲಲ್ಲಿ ನಿಂತು ನೀವು ಹಾಕಿದ ಅಪ್ಪಣೆ ನೆನಪಿದೆ: "ಇನ್ಮೇಲೆ ನಿನ್ನ ದನಿ ಈ ಮನೇಲಿ ಕೇಳಬಾರದು." ನನ್ನ ಕೂದಲು ಪೂರ್ತಿ ಕಪ್ಪಗಿದ್ದ ಕಾಲದ ಮಾತು. ಕೂದಲು ಹೋಯಿತು, ಅಪ್ಪಣೆ ಉಳಿಯಿತು.

ಈಗ ಸುದ್ದಿ. ನಿಮ್ಮ ತಮ್ಮ ಗುಂಗ ಸದ್ದು ನಿಲ್ಲಿಸಿ ನಲವತ್ತು ವರ್ಷವಾದ ಮೇಲೆ ಇಲ್ಲಿ ಸುದ್ದಿಯಾಗಿದ್ದಾನೆ. ಅವನು ಮಾಡಿದ್ದು ಒಂದೇ ಒಂದು ರೆಕಾರ್ಡು, 'ಮೀನಿನ ರೆಪ್ಪೆ'. ಅದಕ್ಕೆ ಟೇಪು ಓಡಿಸಿದವನು ನಾನು. ಆಗ ಅದನ್ನು ಕೊಂಡವರು ನಾವು, ನಮ್ಮ ನೆಂಟರು, ಮತ್ತು ಮಳೆ ಬಂತೆಂದು ಅಂಗಡಿಯೊಳಗೆ ನಿಂತು ಸಂಕೋಚಕ್ಕೆ ಬಿದ್ದ ಒಬ್ಬ ಪುಣ್ಯಾತ್ಮ. ಈಗ ನೋಡಿ. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಹಲ್ಲು ಕೊರೆಯುವಾಗ ಅದರ ಎರಡನೇ ಮಗ್ಗುಲು ಹಾಕುತ್ತಾರೆ. ರೋಗಿ ಬಾಯಿ ತೆರೆದು ಕೂತಿರುತ್ತಾನೆ, ಬೇಡ ಅನ್ನುವುದಕ್ಕೂ ಆಗುವುದಿಲ್ಲ. ಬಸ್ ಓಡಿಸುವವನೊಬ್ಬ ತನ್ನ ಊಟದ ಡಬ್ಬಿಯ ಮೇಲೆ ಕಣ್ಣು ಮುಚ್ಚಿದ ಮೀನು ಬರೆಸಿದ್ದಾನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ ಬಾಸ್ ಗಿಟಾರು ನುಡಿಸುತ್ತಾಳೆ, ಅವಳು ನನಗೇ ಬಾಸ್ ಆಗಿಬಿಟ್ಟಿದ್ದಾಳೆ. ವಾರಕ್ಕೊಮ್ಮೆ ಬಂದು ಗುಂಗನ ವಿಷಯ ಹೇಳಿ ಅಂತ ಪಟ್ಟು ಹಿಡಿಯುತ್ತಾಳೆ.

ಎಲ್ಲರದೂ ಒಂದೇ ಪ್ರಶ್ನೆ. ರೆಕಾರ್ಡಿನ ಶ್ರುತಿ ಯಾವ ಪಿಯಾನೋಗೂ ಕೂಡುವುದಿಲ್ಲ, ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಕೂತಿದೆ. ಯಾಕೆ? ಒಬ್ಬನಿಗೆ ನಾನು ಹಡಗಿನ ಸಿಳ್ಳೆ ಅಂದೆ. ಇನ್ನೊಬ್ಬನಿಗೆ ಶನಿಗ್ರಹ ತಿರುಗುವ ಸದ್ದು ಅಂದೆ, ಅವನು ಅದನ್ನು ಎಲ್ಲೋ ಬರೆದು ಹಾಕಿ ದೊಡ್ಡ ಚರ್ಚೆ ಎಬ್ಬಿಸಿದ. ಊರಿನ ಅರ್ಧ ಬ್ಯಾಂಡುಗಳು ಈಗ ಗಿಟಾರನ್ನು ಅದಕ್ಕೇ ಹೊಂದಿಸಿಕೊಂಡು ನುಡಿಸುತ್ತವೆ. 'ಗುಂಗನ ಶ್ರುತಿ' ಅಂತಲೇ ಅದಕ್ಕೆ ಹೆಸರು.

ಇರಲಿ. ನಾನು ಬರೆದದ್ದು ಬೇರೆ ಕಾರಣಕ್ಕೆ. ಮನೆಯಲ್ಲಿ ಏನಾದರೂ ಬದಲಾಯಿತೇ? ಅಡುಗೆಮನೆ ಕಡೆ? ಗುಂಗ ಇಸ್ತ್ರಿ ಮಾಡುತ್ತಿದ್ದಾನೆ ತಾನೇ? ಒಂದು ಸಾಲು ಸಾಕು.

ನಿಮ್ಮ
ಕಿತಾಪತಿ


ಜೂನ್ ೧೭

ಕಿತಾಪತಿ,

ಲಕೋಟೆ ನೋಡಿ ನನ್ನೆದೆ ಧಸಕ್ಕೆಂದಿತು. ಎಪ್ಪತ್ತು ದಾಟಿದರೂ ನಿನ್ನ ಹೆಸರಿಗೆ ನೀನು ಮೋಸ ಮಾಡಿಲ್ಲ. ನಿನಗೆ ಬುದ್ಧಿ ಬರಲಿ ಎಂದು ಹರಸುವ ಕಾಲವೂ ಮುಗಿಯಿತು.

ಕೇಳಿದ್ದಕ್ಕೆ ಉತ್ತರ: ಇಲ್ಲ, ಅವನು ಇಸ್ತ್ರಿ ಮಾಡುತ್ತಿಲ್ಲ. ಅವನು ಇಸ್ತ್ರಿ ಮಾಡುವ ವಿಷಯ ನಿನಗೆ ಯಾರು ಹೇಳಿದರೋ ಕಾಣೆ, ನಾನಂತೂ ಬರೆದವಳಲ್ಲ. ಈ ಕಟ್ಟಡದ ಎಲ್ಲರ ಅಂಗಿಗಳೂ ಇಷ್ಟು ವರ್ಷ ಅವನ ಕೈಯಿಂದಲೇ ಹೋಗಿವೆ. ಒಬ್ಬರಿಗಾದರೂ ಅವನು ಯಾರೆಂದು ಗೊತ್ತಿಲ್ಲ. ಕಾಲರು ಚೆನ್ನಾಗಿ ಮಡಿಸುತ್ತಾನೆ ಎಂದಷ್ಟೇ ಗೊತ್ತು. ಅಡುಗೆಮನೆ ಬಾಗಿಲ ಪಕ್ಕ ಮೇಜು, ಬೆಳಗಿನಿಂದ ಸಂಜೆವರೆಗೆ ಅಲ್ಲೇ. ಮಾತು ಕಡಿಮೆ, ಊಟ ಸರಿಯಾಗಿ. ಅದು ಒಂದು ಬಗೆಯ ಸುಖವೇ ಆಗಿತ್ತು ಕಣೋ.

ಏಪ್ರಿಲ್‌ನಿಂದ ಅದು ಕೆಟ್ಟಿದೆ. ಅಂಗಿಗಳು ರಾಶಿ ಬಿದ್ದಿವೆ. ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಏನನ್ನೋ ಹುಡುಕುತ್ತಾನೆ. ಗೋಡೆಗೆ ಕಿವಿ ಹಚ್ಚುತ್ತಾನೆ, ಕೊಳಾಯಿಗೆ ಹಚ್ಚುತ್ತಾನೆ. ಮೊನ್ನೆ ಕೆಳಗಿನ ಮನೆಯಾಕೆ ಬಚ್ಚಲಿನ ಬಾಗಿಲು ತೆಗೆದರೆ ಇವನು ಅವರ ಪೈಪಿಗೆ ಕಿವಿಯಿಟ್ಟು ನಿಂತಿದ್ದಾನೆ. ಆಕೆ ಕಿರುಚಿದ್ದು ನಾಲ್ಕು ಮಹಡಿಗೂ ಕೇಳಿತು. "ನೋಡೀಮ್ಮಾ, ನಿಮ್ಮ ತಮ್ಮ ಪಾಪದೋರೇ ಇರಬಹುದು, ಆದ್ರೆ ನನ್ ಬಚ್ಚಲಲ್ಲಿ ಪಾಪದೋರು ಬೇಡ" ಅಂದಳು. ತಪ್ಪೇನು ಅಂದಳು, ಹೇಳು. ಊಟದ ಮುಂದೆ ಕೂರಿಸಿದರೆ ಎರಡು ತುತ್ತಿಗೆ ಎದ್ದುಬಿಡುತ್ತಾನೆ. ಡಾಕ್ಟರು ವಯಸ್ಸು ಅನ್ನುತ್ತಾರೆ. ವೃದ್ಧಾಶ್ರಮದ ವಿಳಾಸ ಬರೆದುಕೊಟ್ಟಿದ್ದಾರೆ.

ಬದಲಾದದ್ದು ಏನೂ ಇಲ್ಲ. ಹಳೇ ಫ್ರಿಜ್ಜು ಸತ್ತು ಹೊಸದು ಬಂತು, ಅದೊಂದೇ ಈ ವರ್ಷ ಆದ ಒಳ್ಳೆಯ ಕೆಲಸ. ಇದೆಯೋ ಇಲ್ಲವೋ ಗೊತ್ತಾಗದಷ್ಟು ಸದ್ದಿಲ್ಲದ್ದು. ಕೆಟ್ಟದ್ದು ಅಂದರೆ ನೀನು ಬರೆದ ಆ ಅಭಿಮಾನಿಗಳು. ವಸಂತದಲ್ಲಿ ಹಸಿರು ಕೂದಲಿನ ಒಬ್ಬ ಹುಡುಗ ಕಿಟಕಿ ಕೆಳಗೆ ನಿಂತು ಇವನ ಹಾಡನ್ನೇ ಮೊಬೈಲಿನಲ್ಲಿ ಜೋರಾಗಿ ಹಾಕಿದ. ಆಮೇಲೇ ಇವನು ಹೀಗಾದದ್ದು. ವಿಳಾಸ ಕೊಟ್ಟವನು ನೀನಲ್ಲದೆ ಇನ್ಯಾರು?

ಸಾಲದ್ದಕ್ಕೆ ಮಾತಾಡದ ಫೋನು ಬೇರೆ. ಭಾನುವಾರ ಬಂತೆಂದರೆ ಗಂಟೆ ಹೊಡೆಯುತ್ತದೆ, ಎತ್ತಿದರೆ ಆ ಕಡೆ ಉಸಿರೂ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತವಳು ನಾನು. ಉಸಿರು ಕೇಳಿದರೆ ಸಾಕು, ಯಾರೆಂದು ಹೇಳುತ್ತಿದ್ದೆ. ಇವನು ಯಾವನೋ ಬಾಯಿಗೆ ಕೈ ಮುಚ್ಚಿಕೊಂಡ ಕಳ್ಳ.

ಇನ್ನು ಬರೆಯಬೇಡ. ಬರೆದರೂ ಸುಡಬೇಡ.

ಅಕ್ಕ


ಜೂನ್ ೨೩

ಅಕ್ಕಾ,

ವಿಳಾಸ ನಾನು ಕೊಟ್ಟಿಲ್ಲ. ಅಲ್ಲ, ಕೊಟ್ಟಿದ್ದೇನೆ, ಎಲ್ಲರಿಗೂ ಕೊಟ್ಟಿದ್ದೇನೆ, ಆದರೆ ಒಂದೂ ನಿಮ್ಮದಲ್ಲ. ಒಬ್ಬನನ್ನು ಸೋಪಿನ ಕಾರ್ಖಾನೆಗೆ ಕಳಿಸಿದೆ. ಗುಂಗ ಸಿಗಲಿಲ್ಲ, ಆದರೆ ಘಮಘಮ ಅನ್ನುತ್ತಾ ವಾಪಸ್ ಬಂದ. ಇನ್ನೊಬ್ಬನನ್ನು ಒಬ್ಬ ನಿವೃತ್ತ ನ್ಯಾಯಾಧೀಶರ ಮನೆಗೆ ಕಳಿಸಿದೆ. ಅವರಿಬ್ಬರೂ ಈಗ ಸೇರಿ ಚದುರಂಗ ಆಡುತ್ತಾರೆ. ಹಸಿರು ಕೂದಲಿನವನು ಯಾವ ದಾರಿ ಹಿಡಿದು ನಿಮ್ಮಲ್ಲಿಗೆ ಬಂದನೋ, ನನ್ನ ಸುಳ್ಳುಗಳನ್ನೆಲ್ಲ ದಾಟಿ ಬಂದಿದ್ದರೆ ಅವನಿಗೊಂದು ನಮಸ್ಕಾರ.

ಅವನನ್ನು ಬಿಡಿ. ಅವನಿಂದ ಆದದ್ದಲ್ಲ ಇದು.

ಅಕ್ಕಾ, ಹಳೇ ಫ್ರಿಜ್ಜು ಎಲ್ಲಿದೆ? ಗುಜರಿಗೆ ಹಾಕಿದಿರಾ? ಹಾಕಿದ್ದರೆ ಇವತ್ತೇ ಗುಜರಿಯವನನ್ನು ಹಿಡಿಯಿರಿ. ಡಾಕ್ಟರನ್ನು ಬಿಡಿ, ಗುಜರಿಯವನನ್ನು ಕರೆಸಿ. ಮುದುಕನಿಗೆ ಔಷಧ ಬೇಡ, ಮುದಿ ಫ್ರಿಜ್ಜು ಬೇಕು. ತಣ್ಣಗಾಗದಿದ್ದರೂ ಚಿಂತೆಯಿಲ್ಲ, ಗೊರಗೊರ ಅಂದರೆ ಸಾಕು. ಅವನು ತಿನ್ನುತ್ತಾನೆ, ಇಸ್ತ್ರಿ ಮಾಡುತ್ತಾನೆ, ಬಚ್ಚಲಿನಾಕೆ ನೆಮ್ಮದಿಯಾಗಿ ಸ್ನಾನ ಮಾಡುತ್ತಾಳೆ.

ತಮಾಷೆಯಲ್ಲ. ಆಣೆ ಮಾಡೋಣವೆಂದರೆ ನನ್ನ ಆಣೆಗೆ ನಮ್ಮ ಬೀದಿಯಲ್ಲಿ ಬೆಲೆಯಿಲ್ಲ.

ಕಿತಾಪತಿ


ಜುಲೈ ೨೦

ನಿನ್ನ ಕಾಗದ ಓದಿ ಒಂದು ತಿಂಗಳು ಸುಮ್ಮನಿದ್ದೆ. ಕೋಪದಲ್ಲಿ ಬರೆಯಬಾರದೆಂದು. ಕೋಪ ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮನ ತಲೆ ಕೆಟ್ಟಿದೆ ಅಂದರೆ ಗುಜರಿಯವನನ್ನು ಕರೆಸು ಅನ್ನುತ್ತೀಯಲ್ಲ, ನಿನಗೆ ಕರುಳು ಅನ್ನುವುದು ಇದೆಯೇನೋ? ನಿನ್ನ ಹಾಸ್ಯಕ್ಕೆ ನನ್ನ ಮನೆಯೇ ಬೇಕಿತ್ತಾ?

ಇಷ್ಟು ವರ್ಷ ನುಂಗಿಕೊಂಡ ಮಾತು ಇವತ್ತು ಕೇಳಿಬಿಡುತ್ತೇನೆ. ಆ ಮೈದಾನದ ಕಾರ್ಯಕ್ರಮದ ದಿನ ನೀನು ಅವನಿಗೆ ಏನು ಕುಡಿಸಿದೆ? ಎಲ್ಲರ ಗ್ಲಾಸಿಗೂ ಏನಾದರೊಂದು ಬೆರೆಸಿ ನಗುವುದು ನಿನ್ನ ಚಟ. ಉಪ್ಪು ಬೆರೆಸುತ್ತಿದ್ದೆ, ಶಾಯಿ ಬೆರೆಸುತ್ತಿದ್ದೆ. ಆಗ ಆ ಸೈಕೆಡೆಲಿಕ್ ಸಂಗೀತದ ಹುಚ್ಚಿನ ಹುಡುಗರೆಲ್ಲ ಮತ್ತಿನ ಮಾತ್ರೆ ನುಂಗುತ್ತಿದ್ದ ಕಾಲ. ನನ್ನ ತಮ್ಮ ಸರಿಯಾಗಿ ಹೋದ, ಅರ್ಧ ಕಾರ್ಯಕ್ರಮದಲ್ಲಿ ಎದ್ದು ಬಂದ, ಆಮೇಲೆ ಗಿಟಾರು ಮುಟ್ಟಲಿಲ್ಲ. ನಡುವೆ ಏನಾಯಿತು? ಹೇಳು. ಹಾಸ್ಯ ಮಾಡದೆ ಹೇಳು.

ಆಗಸ್ಟ್ ಒಂದಕ್ಕೆ ವೃದ್ಧಾಶ್ರಮದವರು ಬರುತ್ತಾರೆ. ನನಗೂ ಮೆಟ್ಟಿಲು ಹತ್ತುವುದಕ್ಕೆ ಆಗುತ್ತಿಲ್ಲ, ಅವನ ಹಿಂದೆ ಓಡುವುದಂತೂ ಆಗುವುದೇ ಇಲ್ಲ. ಅವನ ಬಟ್ಟೆಗಳನ್ನು ಮಡಿಸಿಟ್ಟಿದ್ದೇನೆ. ಇಸ್ತ್ರಿ ಮಾಡಿಲ್ಲ. ಅವನ ಬಟ್ಟೆಗೆ ನಾನು ಇಸ್ತ್ರಿ ಹಾಕಿದರೆ ಅವನಿಗೆ ಹಿಡಿಸುವುದಿಲ್ಲ.

ಅಕ್ಕ


ಜುಲೈ ೨೪

ಅಕ್ಕಾ,

ತೋಳ ಬಂತು ತೋಳ ಅಂತ ಜೀವಮಾನವೆಲ್ಲ ಕೂಗಿದವನು ನಾನು. ಈಗ ನಿಜವಾಗಿ ತೋಳ ಬಂದಿದೆ. ಹೇಳುವುದನ್ನು ನೆಟ್ಟಗೆ ಹೇಳುತ್ತೇನೆ.

'ಮೀನಿನ ರೆಪ್ಪೆ' ಮಾಡುವಾಗ ಸ್ಟುಡಿಯೋದ ಕೋಣೆ ಬೆಂದುಹೋಗುತ್ತಿತ್ತು, ಅದಕ್ಕೆ ಬಾಗಿಲು ತೆರೆದಿಡುತ್ತಿದ್ದೆವು. ಹೊರಗೆ ಓಣಿಯಲ್ಲಿ ಮಾಲೀಕರ ಸೋಡಾ ಬಾಟಲಿಗಳನ್ನಿಡುವ ದೊಡ್ಡ ಫ್ರಿಜ್ಜು. ಗುಂಗ ಗಿಟಾರಿನ ತಂತಿ ಮೀಟುತ್ತಾನೆ, ಮುಖ ಹಿಂಡುತ್ತಾನೆ, ಮತ್ತೆ ಮೀಟುತ್ತಾನೆ. "ಇಬ್ರು ಜಗಳ ಆಡ್ತಿದಾರೆ ಕಣೋ" ಅಂದ. ನೋಡಿದರೆ ಫ್ರಿಜ್ಜಿನ ಗುಂಯ್‌ಗೂ ಗಿಟಾರಿಗೂ ಕೂಡುತ್ತಿಲ್ಲ. "ತಾಳು, ಅದರ ಪ್ಲಗ್ ಕೀಳ್ತೀನಿ" ಅಂದೆ. ನಿಮ್ಮ ತಮ್ಮ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಬೇಡ. ಅದು ಇಲ್ಲಿಗೆ ಮೊದಲು ಬಂದಿರೋದು. ನಾನೇ ಹೊಂದ್ಕೋತೀನಿ."

ಹೊಂದಿಕೊಂಡ. ಇಡೀ ರೆಕಾರ್ಡು ಆ ಫ್ರಿಜ್ಜಿಗೆ ಹೊಂದಿಸಿದ್ದು. ಶನಿಗ್ರಹವೂ ಅಲ್ಲ, ಹಡಗೂ ಅಲ್ಲ. ಆಮೇಲೆ ಅವನಿಗೆ ಅದಿಲ್ಲದೆ ಆಗುತ್ತಿರಲಿಲ್ಲ. ಯಾವ ಹಾಲಿಗೆ ಹೋದರೂ ಮೊದಲು ಕಿವಿಗೊಟ್ಟು ಆ ಗುಂಯ್ ಹುಡುಕುತ್ತಿದ್ದ, ಸಿಕ್ಕಿಬಿಡುತ್ತಿತ್ತು. ಯಾಕೆಂದರೆ ಅದು ಒಂದು ಫ್ರಿಜ್ಜಿನ ಸ್ವರವಲ್ಲ, ಕರೆಂಟಿನ ಸ್ವರ. ಊರೂರಿಗೂ ಒಂದೇ ಕರೆಂಟು, ಹಳೇ ಫ್ರಿಜ್ಜುಗಳೆಲ್ಲ ಒಂದೇ ಸ್ವರ. ನಿಮ್ಮ ಮನೆಯ ಫ್ರಿಜ್ಜೂ ಅದನ್ನೇ ಹಾಡುತ್ತಿತ್ತು. ಅವನು ಇಷ್ಟು ವರ್ಷ ಇಸ್ತ್ರಿ ಮೇಜನ್ನು ಅಡುಗೆಮನೆ ಬಾಗಿಲಿಗೇ ಹಾಕಿಕೊಂಡದ್ದು ಯಾಕೆ ಅಂದುಕೊಂಡಿರಿ? ನೀವು ತಂದ ಹೊಸದು ಮೂಕ. ಅವನು ಗೋಡೆಯಲ್ಲಿ, ಪೈಪಿನಲ್ಲಿ ಹುಡುಕುತ್ತಿರುವುದು ಅದನ್ನೇ.

ಇನ್ನು ಆ ದಿನ. ಬಯಲು ಮೈದಾನ, ಕರೆಂಟಿಲ್ಲ, ಡೀಸೆಲ್ ಜನರೇಟರು ತಂದಿದ್ದರು. ಅದರ ವೇಗ ಒಂದೇ ಸಮ ಇರಲಿಲ್ಲ. ದೀಪ ಹೆಚ್ಚು ಹಾಕಿದರೆ ಸ್ವರ ಕುಸಿಯುತ್ತಿತ್ತು, ಕಡಿಮೆಯಾದರೆ ಏರುತ್ತಿತ್ತು. ಅವನು ತಂತಿ ಹೊಂದಿಸುತ್ತಾನೆ, ಅದು ಜಾರುತ್ತದೆ. ಮತ್ತೆ ಹೊಂದಿಸುತ್ತಾನೆ, ಮತ್ತೆ ಜಾರುತ್ತದೆ. ಜನ ಕೂಗುತ್ತಿದ್ದರು, ಒಬ್ಬ ಚಪ್ಪಲಿ ಎಸೆದ. ಗುಂಗ ನನ್ನ ಹತ್ತಿರ ಬಂದು ಮೆಲ್ಲಗೆ, "ನೆಲ ನಿಲ್ತಾ ಇಲ್ಲ ಕಣೋ" ಅಂದ. ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಗಿಟಾರನ್ನು ಕೆಳಗಿಟ್ಟ. ಎದ್ದು ಹೋದ.

ನಾನೇನೂ ಬೆರೆಸಲಿಲ್ಲ ಅಕ್ಕಾ. ಆವತ್ತು ಅವನು ಕುಡಿದದ್ದು ನೀವು ಫ್ಲಾಸ್ಕಿನಲ್ಲಿ ಕಳಿಸಿದ್ದ ಕಾಫಿ, ಅಷ್ಟೇ. ಹೇಳುವುದಕ್ಕೆಂದೇ ನಿಮ್ಮ ಬಾಗಿಲಿಗೆ ಬಂದಿದ್ದೆ. ನೀವು ಬಾಯಿ ತೆರೆಯಗೊಡಲಿಲ್ಲ. ಆಮೇಲೆ ಬರೆದ ಕಾಗದಗಳನ್ನು ಒಡೆಯಲಿಲ್ಲ.

ಸ್ಟುಡಿಯೋ ಮುಚ್ಚಿದಾಗ ಆ ಫ್ರಿಜ್ಜನ್ನು ನಾನು ತಂದಿಟ್ಟುಕೊಂಡೆ. ಈವರೆಗೂ ನನ್ನ ಅಂಗಡಿಯ ಮೂಲೆಯಲ್ಲಿ ಗುಂಯ್ ಅನ್ನುತ್ತಿತ್ತು. ನೀರು ತಣ್ಣಗೆ ಮಾಡುವುದನ್ನು ಯಾವತ್ತೋ ಬಿಟ್ಟಿದೆ. ಬಂದವರಿಗೆಲ್ಲ ಅದರೊಳಗಿನ ಬೆಚ್ಚಗಿನ ನೀರು ಕೊಟ್ಟು, ಅವರ ಮುಖ ನೋಡಿ ನಗುತ್ತಿದ್ದೆ. ಈಗ ನಗುವುದು ಸಾಕು. ಬಾಸ್ ಹುಡುಗಿಗೆ ನಿಜ ಹೇಳಿದೆ. ಅವಳ ಬ್ಯಾಂಡಿನ ವ್ಯಾನಿಗೆ ಫ್ರಿಜ್ಜನ್ನು ಕಂಬಳಿ ಸುತ್ತಿ ಹತ್ತಿಸಿದ್ದೇವೆ. ಒಂದನೇ ತಾರೀಖಿಗೆ ಮೊದಲೇ ಬರುತ್ತಾಳೆ. ಬಾಗಿಲು ತೆರೆಯಿರಿ. ಫ್ರಿಜ್ಜಿನಲ್ಲಿ ನನ್ನ ದನಿಯಿಲ್ಲ, ಹೆದರಬೇಡಿ.

ಕಿತಾಪತಿ


ಆಗಸ್ಟ್ ೨

ಕಿತಾಪತಿ,

ಬಂತು.

ನಾಲ್ಕು ಜನ ಸೇರಿ ಮೆಟ್ಟಿಲು ಮೆಟ್ಟಿಲಿಗೂ ನಿಂತು ಹೊತ್ತು ತಂದರು. ಕೆಳಗಿನ ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಅಲ್ಲಮ್ಮಾ, ಲಕ್ಷಣವಾಗಿ ಹೊಸ ಫ್ರಿಜ್ ಇದೆಯಲ್ಲ. ಈ ಡೈನೋಸಾರ್ ಯಾಕೆ?" ಅಂದಳು. ನಿನ್ನ ಬಾಸ್ ಹುಡುಗಿ ಏದುಸಿರು ಬಿಡುತ್ತಲೇ, "ಇದು ಫ್ರಿಜ್ ಅಲ್ಲ ಆಂಟಿ, ನಮ್ ಗುರುಗಳ ತಂಬೂರಿ" ಅಂದಳು. ಆಕೆ ಬಾಯಿ ಮುಚ್ಚಿದ್ದು ಈ ಕಟ್ಟಡದ ಇತಿಹಾಸದಲ್ಲೇ ಮೊದಲು.

ಅವನು ತನ್ನ ಕೋಣೆಯಲ್ಲಿದ್ದ, ಗೋಡೆಗೆ ಕಿವಿ. ಪ್ಲಗ್ ಹಾಕಿದರು. ಅದು ಒಂದು ಸಲ ಕೆಮ್ಮಿತು. ಮೈಯೆಲ್ಲ ನಡುಗಿಸಿತು, ಆಮೇಲೆ ಶುರುವಾಯಿತು. ನನಗಂತೂ ಅದು ಹಳೇ ಫ್ರಿಜ್ಜಿನ ಸದ್ದೇ ಹೊರತು ಬೇರೇನೂ ಕೇಳಲಿಲ್ಲ. ಇದಕ್ಕಾಗಿ ಅಷ್ಟು ಮೆಟ್ಟಿಲು ಹತ್ತಿಸಿದೆವಲ್ಲ ಎಂದು ನಾಚಿಕೆಯೂ ಆಯಿತು.

ಅವನು ಹೊರಗೆ ಬಂದ. ನಗಲಿಲ್ಲ, ಅಳಲಿಲ್ಲ. ಅದರ ಬಾಗಿಲ ಮೇಲೆ ಅಂಗೈ ಇಟ್ಟು ನಿಂತ. ತಲೆ ವಾಲಿದ್ದು ಮೆಲ್ಲಗೆ ನೆಟ್ಟಗಾಯಿತು ಕಣೋ, ನಾನು ನೋಡುತ್ತಲೇ ಇದ್ದೆ. "ಇದರ ಹಿಡಿ ಸಡಿಲ ಇತ್ತು" ಅಂದ. ಎಳೆದು ನೋಡಿದ. ಇನ್ನೂ ಸಡಿಲವಾಗೇ ಇದೆ. ಆಗ ನನ್ನ ಕಡೆ ತಿರುಗಿ, "ಕಿತಾಪತಿ ಎಲ್ಲಿ? ಸೋಡಾ ಕದಿಯಕ್ಕೆ ಹೋದ್ನಾ?" ಅಂದ.

ಹುಡುಗಿ ಮೂಲೆಯಲ್ಲಿ ಕೂತು ತನ್ನ ಗಿಟಾರು ತೆಗೆದು, ಆಂಪ್ಲಿಫೈಯರ್ ಪೆಟ್ಟಿಗೆಗೂ ಜೋಡಿಸದೆ, ನೊಣ ಹಾರಿದಷ್ಟು ಸದ್ದಿನಲ್ಲಿ ಒಂದು ತಂತಿ ಮೀಟಿದಳು. ಇವನು ಬೆನ್ನು ಹಾಕಿ ಇಸ್ತ್ರಿಯ ತಂತಿ ಬಿಡಿಸುತ್ತಿದ್ದ. ತಿರುಗಲಿಲ್ಲ.

"ಚೂರು ಇಳಿಸು" ಅಂದ.

ಇಳಿಸಿದಳು.

"ಇನ್ನೂ ಚೂರು. ಹಾಂ."

ಆ ಹುಡುಗಿ ಗಿಟಾರನ್ನು ತಬ್ಬಿಕೊಂಡು ಮುಖ ಮುಚ್ಚಿಕೊಂಡಳು. ಇವನು ಸಂಜೆಯವರೆಗೂ ರಾಶಿ ಅಂಗಿಗಳಿಗೆ ಇಸ್ತ್ರಿ ಹಾಕಿದ. ಸಾಲದೆಂದು ಪರದೆಗಳನ್ನೂ ಬಿಚ್ಚಿ ಇಸ್ತ್ರಿ ಹಾಕಿದ. ಹೊಟ್ಟೆ ತುಂಬ ಉಂಡ. ನಿನ್ನೆ ವೃದ್ಧಾಶ್ರಮದವರು ಬಂದರು. ಕಾಫಿ ಕೊಟ್ಟು, ಅವರ ಡ್ರೈವರನ ಅಂಗಿಗೂ ಇಸ್ತ್ರಿ ಹಾಕಿಸಿ ವಾಪಸ್ ಕಳಿಸಿದೆ. ಮಡಿಸಿಟ್ಟಿದ್ದ ಬಟ್ಟೆಗಳು ಮತ್ತೆ ಬೀರುವಿಗೆ ಹೋದವು.

ಹುಡುಗಿ ಹೋಗುವಾಗ ಆ ಗುಂಯ್ ಅನ್ನು ಮೊಬೈಲಿಗೆ ತುಂಬಿಕೊಂಡು ಹೋದಳು. ಇನ್ನು ಅವರೆಲ್ಲ ರೆಕಾರ್ಡಿನ ಬದಲು ನೇರ ಅದಕ್ಕೇ ಹೊಂದಿಸಿಕೊಂಡು ನುಡಿಸುತ್ತಾರಂತೆ. "ಫ್ರಿಜ್ಜು ಅಂತ ಎಲ್ಲರಿಗೂ ಹೇಳ್ತೀಯೇನಮ್ಮಾ?" ಅಂತ ಕೇಳಿದೆ. "ಹೇಳ್ತೀನಿ ಆಂಟಿ. ಶನಿಗ್ರಹಕ್ಕಿಂತ ಇದೇ ದೊಡ್ಡದು" ಅಂದಳು. ನನ್ನ ತಮ್ಮ ದೊಡ್ಡವನೆಂದು ನನಗೆ ಯಾರೂ ಹೀಗೆ ಅರ್ಥವಾಗುವ ಹಾಗೆ ಹೇಳಿರಲಿಲ್ಲ.

ಒಡೆಯದೆ ಇಟ್ಟಿದ್ದ ನಿನ್ನ ಕಾಗದಗಳನ್ನು ನಿನ್ನೆ ಒಂದೊಂದಾಗಿ ಒಡೆದೆ. ಎಲ್ಲದರಲ್ಲೂ ನೀನು ಕ್ಷೇಮ. ಆ ದಿನದ ವಿಷಯ ಒಂದರಲ್ಲೂ ಇಲ್ಲ. ಕಾಗದದಲ್ಲೂ ನೀನು ನನಗೆ ಹೆದರಿದೆ ಅಂದಮೇಲೆ ತಪ್ಪು ಯಾರದೆಂದು ಲೆಕ್ಕ ಹಾಕುವ ವಯಸ್ಸು ನನ್ನದಲ್ಲ. ಆ ಫ್ಲಾಸ್ಕು ಇನ್ನೂ ಇದೆ, ಮುಚ್ಚಳ ಮಾತ್ರ ಹೋಗಿದೆ.

ಒಂದು ಮಾತು ನನ್ನ ತಲೆಗೆ ಹತ್ತುತ್ತಿಲ್ಲ. ಫ್ರಿಜ್ಜು ಬದಲಾದದ್ದನ್ನು ನಾನು ಬರೆದದ್ದು ನಿನ್ನ ಮೊದಲ ಕಾಗದಕ್ಕೆ ಉತ್ತರವಾಗಿ. ಆದರೆ ಆ ಮೊದಲ ಕಾಗದದಲ್ಲೇ ನೀನು ಕೇಳಿದ್ದೆ, ಅಡುಗೆಮನೆ ಕಡೆ ಏನಾದರೂ ಬದಲಾಯಿತೇ ಅಂತ. ಅವನು ಇಸ್ತ್ರಿ ಹಾಕುವುದೂ ನಿನಗೆ ಗೊತ್ತಿತ್ತು. ಹೇಗೆ?

ಈ ವಾರ ಆ ಮಾತಾಡದ ಫೋನು ಬರಲಿಲ್ಲ. ಬಂದಿದ್ದರೆ ರಿಸೀವರನ್ನು ಫ್ರಿಜ್ಜಿನ ಹತ್ತಿರ ಹಿಡಿಯೋಣ ಅಂತಿದ್ದೆ.

ಅಕ್ಕ


ಆಗಸ್ಟ್ ೯

ಅಕ್ಕಾ,

ಅಂಗಡಿಯ ಮೂಲೆಯಲ್ಲಿ ಈಗ ಫ್ರಿಜ್ಜಿದ್ದ ಜಾಗ ಚೌಕಾಕಾರವಾಗಿ ಬೆಳ್ಳಗಿದೆ. ಬೀದಿಯ ಸದ್ದೆಲ್ಲ ಒಳಗೆ ಬರುತ್ತಿದೆ, ಆದರೂ ಅಂಗಡಿ ನಿಂತುಹೋದ ಗಡಿಯಾರದ ಹಾಗಿದೆ. ಹಲ್ಲಿನ ಡಾಕ್ಟರು ನೀರು ಕೇಳಿದರು. ತಣ್ಣಗಿನ ನೀರು ಕೊಟ್ಟೆ, ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಸೋಡಾ ಕದಿಯುತ್ತಿದ್ದದ್ದು ಗುಂಗನೇ. ಅಷ್ಟು ಅವನಿಗೆ ಹೇಳಿಬಿಡಿ, ನನ್ನ ಮರ್ಯಾದೆಯ ಪ್ರಶ್ನೆ.

ಶಾಯಿ ಬೆರೆಸಿದ್ದು, ಉಪ್ಪು ಬೆರೆಸಿದ್ದು, ಲಕೋಟೆ ಸುಟ್ಟದ್ದು, ಇವನ್ನೆಲ್ಲ ನೀವು ಬಲ್ಲಿರಿ. ಜನ ನನ್ನ ತಲೆಗೆ ಕಟ್ಟಿದ್ದರಲ್ಲಿ ಅರ್ಧ ನಾನು ಮಾಡಿದ್ದಲ್ಲ. ಒಂದನ್ನು ಮಾತ್ರ ನಿಜವಾಗಿ ಮಾಡಿದ್ದೇನೆ.

ಆ ಮಾತಾಡದ ಫೋನು ನಾನೇ. ಭಾನುವಾರ ಅಂಗಡಿಯ ಬಾಗಿಲು ಎಳೆದುಕೊಂಡು, ನಿಮ್ಮ ನಂಬರು ತಿರುಗಿಸಿ, ಬಾಯಿಗೆ ಕರವಸ್ತ್ರ ತುರುಕಿಕೊಂಡು ನಿಲ್ಲುತ್ತಿದ್ದೆ. ನೀವು "ಹಲೋ, ಯಾರೋ ಅದು ದರಿದ್ರ?" ಅನ್ನುತ್ತಿದ್ದಿರಿ. ನಿಮ್ಮ ಬೈಗುಳದ ಹಿಂದೆ ಇಸ್ತ್ರಿಯ ಬುಸ್ ಕೇಳುತ್ತಿತ್ತು. ಅದರ ಹಿಂದೆ ಫ್ರಿಜ್ಜು. ಆ ಕಡೆ ನಿಮ್ಮದು, ಈ ಕಡೆ ನನ್ನದು, ಎರಡೂ ಒಂದೇ ಸ್ವರ. ನೀವು ಫೋನು ಇಡುವವರೆಗೆ ನೀವು, ಗುಂಗ, ನಾನು, ಮೂವರೂ ಆ ಸ್ಟುಡಿಯೋದಲ್ಲಿ ಕೂತ ಹಾಗಾಗುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಭಾನುವಾರ ನಿಮ್ಮ ಕಡೆಯದು ಕೇಳಲಿಲ್ಲ. ಮುಂದಿನ ವಾರ ಬುಸ್ಸೂ ಕೇಳಲಿಲ್ಲ. ಇನ್ನೂ ಕೆಲವು ವಾರ ಕಾದೆ. ಆಮೇಲೆ ಬೆಂಕಿಕಡ್ಡಿ ಗೀರಿದೆ.

ನನ್ನ ದನಿ ನಿಮ್ಮ ಮನೆಯಲ್ಲಿ ಕೇಳಬಾರದು ಅಂದಿರಿ, ಒಂದು ದಿನವೂ ಅಪ್ಪಣೆ ಮೀರಲಿಲ್ಲ. ನಿಮ್ಮ ಮನೆಯನ್ನು ನಾನು ಕೇಳಬಾರದು ಅಂತ ಮಾತ್ರ ನೀವು ಹೇಳಿರಲಿಲ್ಲ.

ಕಿತಾಪತಿ